ಬಾಗಿಲು ಉಂಟು, ಮನೆ ಇಲ್ಲ

ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಗೋಲ್ಡನ್ ಗೇಟ್ ಪಾರ್ಕ್ ತೋರಿಸದ ಕನ್ನಡದ ಮನೆ ಬೇ ಏರಿಯಾದಲ್ಲಿ ಇರಲಾರದು. ನಮ್ಮೆಲ್ಲರ ಕಾರ್ಯಕ್ರಮವೂ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಡುವುದು. ಜಪಾನೀ ಟೀ ಗಾರ್ಡನ್ನಿನ ಗೋಲು ಸೇತುವೆಯ ಮೇಲೆ ಹತ್ತಲು ಇಳಿಯಲು ಕೈಹಿಡಿದು ಒಂದು ಫೋಟೋ. ಹೂವಿನ ಗಾಜಿನ ಮನೆಯ ಮುಂದೆ ನಿಂತು "ಥೇಟ್ ನಮ್ಮ ಲಾಲ್‌ಬಾಗ್ ಹಾಗೇ ಇದೆಯಲ್ಲ" ಎಂಬ ಉದ್ಗಾರ. ಆಮೇಲೆ ಸಮುದ್ರದ ಕಡೆಗೆ ಕಾರು ತಿರುಗಿಸುವಾಗ ಮಂಜು ಇಳಿದು, ಸ್ವೆಟರು ಕಾರಿನಲ್ಲೇ ಬಿಟ್ಟದ್ದು ನೆನಪಾಗಿ, ಎಲ್ಲರೂ ಬೇಗ ಮನೆಗೆ.

ಹೀಗೆ ಸಮುದ್ರದ ಕಡೆಗೆ ಹೋಗುವಾಗ ಜೆ.ಎಫ್.ಕೆ. ಡ್ರೈವ್ ಪಕ್ಕದಲ್ಲಿ ಒಂದು ಪುಟ್ಟ ಕೊಳ ಸಿಗುತ್ತದೆ. ಹೆಸರು ಲಾಯ್ಡ್ ಲೇಕ್. ಲೇಕ್ ಎನ್ನುವುದು ದೊಡ್ಡ ಮಾತಾಯಿತು, ನಮ್ಮ ಕಡೆ ಇದನ್ನು ಕಟ್ಟೆ ಎನ್ನುತ್ತಾರೆ. ನಾಲ್ಕಾರು ಬಾತುಕೋಳಿ, ಸುತ್ತ ಮರ. ಕೊಳದ ಆಚೆ ದಡದಲ್ಲಿ, ನೀರಿಗೆ ಮುಖಮಾಡಿ, ಬಿಳಿಯ ಅಮೃತಶಿಲೆಯ ಒಂದು ಹೆಬ್ಬಾಗಿಲು ನಿಂತಿದೆ. ಆರು ಕಂಬಗಳು, ತಲೆಯಲ್ಲಿ ಟಗರಿನ ಕೊಂಬಿನ ಹಾಗೆ ಸುರುಳಿ. ಅದರ ಹಿಂದೆ ಏನೂ ಇಲ್ಲ. ಗೋಡೆ ಇಲ್ಲ, ಮಾಡು ಇಲ್ಲ, ಪೊದೆ ಮತ್ತು ಮರ, ಅಷ್ಟೆ.

ನಮ್ಮ ಗೋಷ್ಠಿಯ ಗೆಳೆಯರೊಬ್ಬರು ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆ ಅಮ್ಮ ಸ್ವಲ್ಪ ಹೊತ್ತು ನೋಡಿ, "ಬಾಗಿಲೇನೋ ಲಕ್ಷಣವಾಗಿದೆ ಕಣೋ, ಮನೆ ಎಲ್ಲಿ?" ಎಂದು ಕೇಳಿದರಂತೆ. ಮಗನಿಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಮುಂದಿನ ಭೇಟಿಯಲ್ಲಿ ಅವರು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಇಪ್ಪತ್ತು, ಮೂವತ್ತು ವರ್ಷಗಳಿಂದ ಇಲ್ಲಿರುವ ನಮಗೂ ಸರಿಯಾಗಿ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಒಬ್ಬರು "ಹಿಚ್‌ಕಾಕ್‌ನ ಸಿನಿಮಾದಲ್ಲಿ ಬರುತ್ತೆ" ಎಂದರು. ನಿಜವೇ. 1958ರ ವರ್ಟಿಗೋದಲ್ಲಿ ನಾಯಕಿ ಕೊಳದ ದಡದಲ್ಲಿ ಕೂತು ಆಚೆಯ ಕಂಬಗಳನ್ನು ದಿಟ್ಟಿಸುತ್ತಿರುತ್ತಾಳೆ ಎಂಬ ಮಾತು ಬರುತ್ತದೆ, ಕಂಬಗಳ ಹೆಸರೂ ಬರುತ್ತದೆ: ಪೋರ್ಟಲ್ಸ್ ಆಫ್ ದ ಪಾಸ್ಟ್. ಕನ್ನಡದಲ್ಲಿ ಗತಕಾಲದ ದ್ವಾರಗಳು ಎನ್ನಬಹುದು. ಹಾಗೆಂದರೆ ಯಾವುದೋ ಪೌರಾಣಿಕ ನಾಟಕದ ಹೆಸರಿನ ಹಾಗೆ ಕೇಳುತ್ತದೆ, ಆದ್ದರಿಂದ ನಾವು ಹೆಬ್ಬಾಗಿಲು ಎಂದೇ ಕರೆಯೋಣ. ಕೆಲವರು ಇದನ್ನು ಕಮಾನು ಎನ್ನುವುದುಂಟು. ಕಂಬಗಳು ಹೊತ್ತಿರುವುದು ನೇರವಾದ ತೊಲೆಯನ್ನು, ಬಾಗಿದ ಕಮಾನನ್ನಲ್ಲ. ಆದರೂ ನಗರದ ಒಂದು ದೊಡ್ಡ ಘಟನೆಯ ನೆನಪಿಗೆ ನಿಲ್ಲಿಸಿದ್ದು ಎಂಬ ಅರ್ಥದಲ್ಲಿ ಆ ಹೆಸರು ಸಲ್ಲುತ್ತದೆ.

ಮನೆ ಇದ್ದದ್ದು ಇಲ್ಲಿಂದ ದೂರ, ನಾಬ್ ಹಿಲ್ ಮೇಲೆ, ಕ್ಯಾಲಿಫೋರ್ನಿಯಾ ಸ್ಟ್ರೀಟ್ ಮತ್ತು ಟೇಲರ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ. ಯಜಮಾನ ಆಲ್ಬನ್ ಟೌನ್, ಸದರ್ನ್ ಪೆಸಿಫಿಕ್ ರೈಲ್ವೆಯ ದೊಡ್ಡ ಅಧಿಕಾರಿ. ರೈಲ್ವೆಯ ಹಣದ ಮೇಲೆಯೇ ಎದ್ದ ಗುಡ್ಡ ಅದು. ಸ್ಟ್ಯಾನ್‌ಫರ್ಡ್, ಹಾಪ್ಕಿನ್ಸ್, ಹಂಟಿಂಗ್ಟನ್, ಕ್ರಾಕರ್ ಎಂಬ ನಾಲ್ವರು ಸೆಂಟ್ರಲ್ ಪೆಸಿಫಿಕ್ ದೊರೆಗಳ ಮನೆಗಳೂ ಅಕ್ಕಪಕ್ಕದಲ್ಲೇ ಇದ್ದವು. ಸಿಯೆರಾ ಬೆಟ್ಟಗಳನ್ನು ಕೊರೆದು ಆ ರೈಲು ಹಳಿ ಹಾಕಿದವರು ಸಾವಿರಾರು ಚೀನೀ ಕೂಲಿಕಾರರು ಎಂಬುದನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಟೌನ್ ಅವರ ಮನೆಯ ವಿನ್ಯಾಸ ಎ. ಪೇಜ್ ಬ್ರೌನ್ ಎಂಬ ತರುಣ ವಾಸ್ತುಶಿಲ್ಪಿಯದು. ನಾವೆಲ್ಲ ನೋಡಿರುವ ಫೆರಿ ಬಿಲ್ಡಿಂಗ್ ಕೂಡ ಆತನದೇ. ಮನೆ ಎದ್ದದ್ದು 1891ರ ಸುಮಾರಿಗೆ. ಟೌನ್ 1895ರಲ್ಲಿ ತೀರಿಕೊಂಡರು. ಬ್ರೌನ್ ಮರುವರ್ಷವೇ, ಕುದುರೆ ಗಾಡಿಯ ಅಪಘಾತದಲ್ಲಿ, ಇನ್ನೂ ಮೂವತ್ತಾರರ ವಯಸ್ಸಿನಲ್ಲಿ ಹೋಗಿಬಿಟ್ಟ. ಹೀಗಾಗಿ ಕಟ್ಟಿಸಿದವನೂ ಕಟ್ಟಿದವನೂ ಮುಂದೆ ಆದದ್ದನ್ನು ನೋಡಲಿಲ್ಲ.

ಆದದ್ದು 1906ರ ಏಪ್ರಿಲ್ 18, ಬುಧವಾರ, ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ. ಸ್ಯಾನ್ ಆಂಡ್ರಿಯಾಸ್ ಬಿರುಕು ಸುಮಾರು 477 ಕಿಲೋಮೀಟರ್ ಉದ್ದಕ್ಕೆ ಜಾರಿತು. ನಡುಗಿದ್ದು ಒಂದು ನಿಮಿಷದೊಳಗೆ. ಊರನ್ನು ನುಂಗಿದ್ದು ಅದಾದ ಮೇಲೆ ಹೊತ್ತಿಕೊಂಡ ಬೆಂಕಿ. ನೀರಿನ ಕೊಳವೆಗಳು ನೆಲದೊಳಗೇ ಒಡೆದಿದ್ದವು, ನಂದಿಸಲು ನೀರಿಲ್ಲ. ಬೆಂಕಿಯ ದಾರಿ ಕಡಿಯುತ್ತೇವೆಂದು ಸಿಡಿಮದ್ದು ಇಟ್ಟು ಮನೆಗಳನ್ನು ಉರುಳಿಸಿದರು, ಅದರಿಂದ ಮತ್ತಷ್ಟು ಕಡೆ ಹೊತ್ತಿಕೊಂಡಿತು. ಮೂರು ದಿನ ದಾಟಿ ನಾಲ್ಕನೆಯ ದಿನ ಆರಿದಾಗ ಸುಮಾರು 28,000 ಕಟ್ಟಡ ಹೋಗಿದ್ದವು. ನಾಲ್ಕು ಲಕ್ಷದ ಊರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬೀದಿಯಲ್ಲಿದ್ದರು.

ನಾಬ್ ಹಿಲ್ಲಿನ ಅರಮನೆಗಳೂ ಸುಟ್ಟವು. ಜೇಮ್ಸ್ ಫ್ಲಡ್ ಎಂಬಾತನ ಕಂದುಕಲ್ಲಿನ ಮನೆಯ ಗೋಡೆಗಳು ನಿಂತವು. ಅದು ಇವತ್ತಿಗೂ ಒಂದು ಕ್ಲಬ್ಬಿನ ಕಟ್ಟಡವಾಗಿ ಇದೆ. ಟೌನ್ ಮನೆಯಲ್ಲಿ ಉಳಿದದ್ದು ಈ ಹೆಬ್ಬಾಗಿಲು ಒಂದೇ. ಇದು ಒಂದು ಸೋಜಿಗ. ಅಮೃತಶಿಲೆ ಎಂದು ನಾವು ಎಷ್ಟೇ ಚಂದದ ಹೆಸರಿಟ್ಟರೂ ಅದು ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದು, ಬೆಂಕಿಯಲ್ಲಿ ಚೆನ್ನಾಗಿ ಬೆಂದರೆ ಸುಣ್ಣವಾಗುತ್ತದೆ. ಬಾಗಿಲು ಮನೆಯ ಹೊರಮುಖದಲ್ಲಿ ಇದ್ದುದರಿಂದ ಅಷ್ಟು ಕಾವು ತಾಕಲಿಲ್ಲವೆಂದು ಕಾಣುತ್ತದೆ.

ಈಗ ಕಥೆಗೆ ಒಬ್ಬ ಫೋಟೋಗ್ರಾಫರ್ ಬರುತ್ತಾನೆ. ಆತನಿಲ್ಲದಿದ್ದರೆ ಈ ಕಲ್ಲುಗಳು ಎಲ್ಲೋ ಪಾಯಕ್ಕೆ ಬಿದ್ದಿರುತ್ತಿದ್ದವೋ ಏನೋ. ಆರ್ನಲ್ಡ್ ಗೆಂಥೆ ಜರ್ಮನಿಯವನು, ಯೇನಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿ ಡಾಕ್ಟರೇಟ್ ಪಡೆದವನು. 1895ರಲ್ಲಿ ಒಂದು ಶ್ರೀಮಂತರ ಮನೆಯ ಹುಡುಗನಿಗೆ ಪಾಠ ಹೇಳಲು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ. ಓದಿದ್ದು ಒಂದು, ಇಲ್ಲಿ ಬಂದು ಮಾಡಿದ್ದು ಇನ್ನೊಂದು. ನಮ್ಮ ಗೋಷ್ಠಿಯಲ್ಲಿ ಇಂಥವರಿಗೆ ಕೊರತೆಯಿಲ್ಲವಾದ್ದರಿಂದ ಹೆಚ್ಚು ವಿವರಿಸುವುದಿಲ್ಲ! ಚೈನಾಟೌನಿನ ಗಲ್ಲಿಗಳಲ್ಲಿ ಅಲೆದು, ಕ್ಯಾಮೆರಾ ಬಚ್ಚಿಟ್ಟುಕೊಂಡು ಜನರ ಚಿತ್ರ ತೆಗೆಯುತ್ತ ಫೋಟೋಗ್ರಾಫರ್ ಆದ. ಭೂಕಂಪದ ಹಿಂದಿನ ರಾತ್ರಿ ಆತ ಕರೂಸೋ ಹಾಡಿದ ಕಾರ್ಮೆನ್ ಆಪೆರಾ ಕೇಳಿ ಬಂದು ಮಲಗಿದ್ದ. ಬೆಳಿಗ್ಗೆ ಎದ್ದಾಗ ಸ್ಟುಡಿಯೋ ಪುಡಿ, ಕ್ಯಾಮೆರಾಗಳೆಲ್ಲ ಹಾಳು. ಪರಿಚಯದ ಅಂಗಡಿಗೆ ಹೋಗಿ ಒಂದು ಸಣ್ಣ ಕೋಡಕ್ ಕ್ಯಾಮೆರಾ ಕೇಳಿದ. ಅಂಗಡಿಯವನು ಬೇಕಾದ್ದನ್ನು ತೆಗೆದುಕೊಂಡು ಹೋಗು, ಹೇಗೂ ಇದೆಲ್ಲ ಸುಡುವುದೇ ಎಂದನಂತೆ. ಆ ಎರವಲು ಕ್ಯಾಮೆರಾದಲ್ಲಿ ಗೆಂಥೆ ತೆಗೆದ ಚಿತ್ರಗಳೇ ಇಂದು ನಾವು 1906 ಎಂದಾಗ ಕಣ್ಣ ಮುಂದೆ ತಂದುಕೊಳ್ಳುವ ಚಿತ್ರಗಳು.

ಬೆಂಕಿ ಆರಿದ ಮೇಲೆ ಒಂದು ಬೆಳದಿಂಗಳ ರಾತ್ರಿ ಆತ ನಾಬ್ ಹಿಲ್ ಏರಿ ಟೌನ್ ಮನೆಯ ಮುಂದೆ ನಿಂತ. ಬೀದಿಯಿಂದ ಮೆಟ್ಟಿಲು, ಮೆಟ್ಟಿಲ ಮೇಲೆ ಬಿಳಿ ಕಂಬಗಳು. ಒಳಗೆ ಹಜಾರ ಇರಬೇಕಾದ ಜಾಗದಲ್ಲಿ ಆಕಾಶ, ಆಕಾಶದ ಕೆಳಗೆ ದೂರದಲ್ಲಿ ಸಿಟಿ ಹಾಲ್‌ನ ಮುರಿದ ಗುಮ್ಮಟ. ಆ ಚಿತ್ರಕ್ಕೆ ಪೋರ್ಟಲ್ಸ್ ಆಫ್ ದ ಪಾಸ್ಟ್ ಎಂದು ಹೆಸರಿಟ್ಟವನು ಚಾರ್ಲ್ಸ್ ಕೆ. ಫೀಲ್ಡ್ ಎಂಬ ಲೇಖಕ. ಮುಂದೆ ಸನ್‌ಸೆಟ್ ಪತ್ರಿಕೆಯ ಸಂಪಾದಕನಾದವನು. ಚಿತ್ರದ ಹೆಸರು ಕಲ್ಲಿಗೇ ಅಂಟಿಕೊಂಡಿತು. 1909ರಲ್ಲಿ ಕಂಬಗಳನ್ನು ಬಿಚ್ಚಿ ತಂದು ಲಾಯ್ಡ್ ಲೇಕ್ ದಡದಲ್ಲಿ ನಿಲ್ಲಿಸಿದರು. ಮೊದಲು ಫೋಟೋ, ಆಮೇಲೆ ಸ್ಮಾರಕ. ಸಾಮಾನ್ಯವಾಗಿ ಇದು ತಿರುಗಾಮುರುಗಾ ಆಗಿರುತ್ತದೆ.

ನಾವು ಇದನ್ನು ಓದುತ್ತ ಹೋದಂತೆ ಒಂದು ವಿಷಯ ಕೊರೆಯತೊಡಗಿತು. ಈ ಹೆಬ್ಬಾಗಿಲು ಯಾರನ್ನು ನೆನೆಯುತ್ತದೆ? ಊರಿನ ಬಹುಭಾಗ ಸುಟ್ಟ ಕಡೆ, ಒಬ್ಬ ಸಾಹುಕಾರನ ಮನೆಯ ಮುಂಬಾಗಿಲನ್ನು ಸಾಕ್ಷಿಗೆ ನಿಲ್ಲಿಸಿದ್ದಾರೆ. ಸತ್ತವರ ಹೆಸರು ಅಲ್ಲಿಲ್ಲ. ಬಹಳ ಕಾಲ ಸತ್ತವರ ಪಟ್ಟಿಯೇ ಇರಲಿಲ್ಲ. ಅಧಿಕೃತ ಲೆಕ್ಕ ಐನೂರಕ್ಕಿಂತ ಕಡಿಮೆ ಎಂದಿತ್ತು. ಆಗಿನ ವ್ಯಾಪಾರಿಗಳಿಗೂ ರೈಲ್ವೆಯವರಿಗೂ ಭೂಕಂಪ ಎಂಬ ಮಾತು ಬೇಡವಾಗಿತ್ತು. ಬೆಂಕಿ ಯಾವ ಊರಿನಲ್ಲಾದರೂ ಬೀಳುತ್ತದೆ, ಶಿಕಾಗೋ ಸುಟ್ಟು ಮತ್ತೆ ಎದ್ದಿತ್ತು. ಭೂಮಿಯೇ ನಡುಗುವ ಊರು ಎಂದರೆ ಯಾರು ಬಂಡವಾಳ ಹಾಕುತ್ತಾರೆ? ಹೀಗಾಗಿ ಅದು ಮಹಾ ಅಗ್ನಿ ಎಂದೇ ಪ್ರಚಾರವಾಯಿತು. ಎಷ್ಟೋ ದಶಕಗಳ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಲೈಬ್ರರಿಯ ಗ್ಲ್ಯಾಡಿಸ್ ಹ್ಯಾನ್ಸನ್ ಎಂಬ ಗ್ರಂಥಪಾಲಕಿ, ಸತ್ತವರ ಪಟ್ಟಿ ಕೇಳಿ ಬಂದವರಿಗೆ ಕೊಡಲು ಏನೂ ಇಲ್ಲದ್ದನ್ನು ಕಂಡು, ತಾನೇ ಒಂದೊಂದು ಹೆಸರಾಗಿ ಹುಡುಕಲು ಕೂತರು. ಕಾಗದ ಪತ್ರ ಬರೆದು, ಹಳೆಯ ಪತ್ರಿಕೆ ತಿರುವಿ, ಮನೆತನದವರನ್ನು ಕೇಳಿ, ಜೀವಮಾನವಿಡೀ ಮಾಡಿದ ಕೆಲಸ ಅದು. ಅವರ ಅಂದಾಜು ಮೂರು ಸಾವಿರ ದಾಟಿತು. ಈಗ ಇತಿಹಾಸಕಾರರು ಒಪ್ಪಿರುವ ಲೆಕ್ಕ ಅದೇ. ಬಿಟ್ಟುಹೋಗಿದ್ದವರಲ್ಲಿ ಚೀನೀಯರೂ ಬಡ ವಲಸಿಗರೂ ಬಹಳ ಮಂದಿ. ನಮ್ಮ ಪ್ರಕಾರ ಭೂಕಂಪದ ನಿಜವಾದ ಸ್ಮಾರಕ ಆ ಗ್ರಂಥಪಾಲಕಿಯ ಕಾರ್ಡುಗಳು.

ಬಡವರ ಮನೆಗಳು ಏನಾದವು ಎಂಬುದೂ ಇದೇ ಪಾರ್ಕಿಗೆ ಸಂಬಂಧಿಸಿದ ಕಥೆ. ಭೂಕಂಪದ ಮರುದಿನಗಳಲ್ಲಿ ಗೋಲ್ಡನ್ ಗೇಟ್ ಪಾರ್ಕ್ ತುಂಬ ಡೇರೆಗಳೇ. ಮಳೆಗಾಲ ಬರುವ ಮುಂಚೆ ಡೇರೆ ಸಾಲದೆಂದು ಊರಿನ ಪಾರ್ಕುಗಳಲ್ಲೆಲ್ಲ ಪುಟ್ಟ ಮರದ ಗುಡಿಸಲುಗಳನ್ನು ಕಟ್ಟಿದರು. ಒಟ್ಟು 5,610. ಪಾರ್ಕಿನ ಬಣ್ಣಕ್ಕೆ ಹೊಂದಲೆಂದು ಹಸಿರು ಬಳಿದರು. ತಿಂಗಳಿಗೆ ಎರಡು ಡಾಲರಿನಂತೆ ಕಂತು, ಐವತ್ತು ಡಾಲರಿಗೆ ಗುಡಿಸಲು ನಿಮ್ಮದೇ. ಮೈದಾನ ತೆರವು ಮಾಡಿ ಎಂದಾಗ ಜನ ಗುಡಿಸಲನ್ನು ಎತ್ತಿ ಕುದುರೆ ಗಾಡಿಯ ಮೇಲಿಟ್ಟುಕೊಂಡು ಹೋದರು. ಎಲ್ಲೋ ಒಂದು ತುಂಡು ನೆಲ ಕೊಂಡು ಇಳಿಸಿ, ಇನ್ನೊಂದು ಗುಡಿಸಲು ಅಂಟಿಸಿ, ಅಡಿಗೆಮನೆ ಮಾಡಿಕೊಂಡರು. ಲಾಯ್ಡ್ ಲೇಕ್‌ನಿಂದ ತೆಂಕಣಕ್ಕೆ, ಪಾರ್ಕ್ ದಾಟಿದರೆ ಸಿಗುವ 24ನೇ ಅವೆನ್ಯೂದಲ್ಲಿ ಇಂಥ ಗುಡಿಸಲುಗಳನ್ನು ಕೂಡಿಸಿ ಕಟ್ಟಿದ ಒಂದು ಮನೆಯನ್ನು ನಗರ ರಕ್ಷಿತ ಕಟ್ಟಡವೆಂದು ಸಾರಿದೆ. ಸಾಹುಕಾರನ ಬಾಗಿಲು ಪಾರ್ಕಿಗೆ ಬಂತು, ಬಡವರ ಮನೆ ಪಾರ್ಕಿನಿಂದ ಹೊರಗೆ ಹೋಯಿತು. ಅವು ಇವತ್ತೂ ಮನೆಗಳೇ. ಒಳಗೆ ಅಡಿಗೆಯಾಗುತ್ತದೆ, ಮಕ್ಕಳು ಬೆಳೆಯುತ್ತಾರೆ.

ಮತ್ತೆ ಗೆಂಥೆಯ ಚಿತ್ರಕ್ಕೆ ಬರೋಣ. ಬಾಗಿಲ ನಡುವೆ ಕಾಣುವ ಸಿಟಿ ಹಾಲ್ ಬಗ್ಗೆ ಹೇಳಬೇಕಾದ್ದಿದೆ. ಸುಮಾರು 27 ವರ್ಷ ಎಳೆದಾಡಿ, ಲಂಚ ತಿಂದು ತಿನ್ನಿಸಿ ಕಟ್ಟಿದ ಕಟ್ಟಡ. (ಇದನ್ನು ಓದಿ ನಮ್ಮೂರಿನ ಯಾವ ಕಟ್ಟಡ ನೆನಪಾಯಿತು ಎಂದು ಯಾರೂ ನಮಗೆ ಬರೆಯಬೇಕಾಗಿಲ್ಲ, ನಮಗೂ ಅದೇ ನೆನಪಾಯಿತು.) ಒಂದು ನಿಮಿಷದ ನಡುಕಕ್ಕೆ ಗೋಡೆಗಳು ಕಳಚಿ ಬಿದ್ದು ಉಕ್ಕಿನ ಅಸ್ಥಿಪಂಜರದ ಮೇಲೆ ಗುಮ್ಮಟ ಒಂಟಿಯಾಗಿ ನಿಂತಿತು. ಉಳಿದದ್ದನ್ನು ಬೆಂಕಿ ಮುಗಿಸಿತು. ಆ ಬೆಂಕಿಗೆ ಹ್ಯಾಮ್ ಅಂಡ್ ಎಗ್ಸ್ ಬೆಂಕಿ ಎಂದೇ ಹೆಸರು. ಹೇಯ್ಸ್ ವ್ಯಾಲಿಯಲ್ಲಿ ಯಾರೋ ಒಬ್ಬರು ಹೊಗೆಗೂಡು ಬಿರುಕುಬಿಟ್ಟದ್ದು ತಿಳಿಯದೆ ಬೆಳಗಿನ ತಿಂಡಿಗೆ ಒಲೆ ಹಚ್ಚಿದರಂತೆ. ಆ ತಿಂಡಿಯ ಕಿಡಿ ಹಬ್ಬಿ ಸಿಟಿ ಹಾಲ್‌ನಲ್ಲಿದ್ದ ಜನನ ದಾಖಲೆಗಳೂ ಸುಟ್ಟುಹೋದವು.

ಇಲ್ಲಿ ಚೀನೀಯರು ಮತ್ತೆ ಬರುತ್ತಾರೆ. ರೈಲು ಹಳಿ ಮುಗಿದ ಮೇಲೆ ಅವರು ಯಾರಿಗೂ ಬೇಡವಾಗಿದ್ದರು. 1882ರ ಕಾನೂನು ಚೀನೀ ಕೂಲಿಕಾರರು ಅಮೆರಿಕಕ್ಕೆ ಬರುವುದನ್ನೇ ನಿಲ್ಲಿಸಿತು, ಇದ್ದವರಿಗೂ ಪೌರತ್ವವಿಲ್ಲ ಎಂದಿತು. ಆದರೆ ಇಲ್ಲೇ ಹುಟ್ಟಿದವರ ಮಾತು ಬೇರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡಿಗೆಯವನು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಈ ನೆಲದಲ್ಲಿ ಹುಟ್ಟಿದವನು ಈ ನೆಲದ ಪ್ರಜೆ ಎಂಬ ತೀರ್ಪನ್ನು 1898ರಲ್ಲಿ ಗೆದ್ದಿದ್ದ. ನಮ್ಮ ಮಕ್ಕಳ ಅಮೆರಿಕನ್ ಪಾಸ್‌ಪೋರ್ಟಿನ ಬೇರು ಅಲ್ಲಿದೆ ಎಂಬುದನ್ನು ಈ ಲೇಖನಕ್ಕಾಗಿ ಓದುವಾಗ ನಾವು ಗಮನಿಸಿದೆವು. ದಾಖಲೆ ಸುಟ್ಟ ಮೇಲೆ ಏನಾಯಿತು? ನಾನು ಇಲ್ಲೇ ಹುಟ್ಟಿದವನು ಎಂದು ಚೀನೀ ಗೃಹಸ್ಥ ಹೇಳಿದರೆ ಇಲ್ಲ ಎನ್ನಲು ಸರ್ಕಾರದ ಬಳಿ ಕಾಗದವಿಲ್ಲ! ಹೀಗೆ ಪ್ರಜೆಯಾದವನು ಚೀನಾದಲ್ಲಿ ತನಗೆ ಮಕ್ಕಳಿದ್ದಾರೆಂದು ಬರೆಸಬಹುದಿತ್ತು. ಇದ್ದ ಮಗ ಒಬ್ಬನಾದರೆ ಬರೆಸಿದ್ದು ಮೂವರು. ಆ ಎರಡು ಹೆಸರುಗಳಲ್ಲಿ ಊರಿನ ಬೇರೆ ಹುಡುಗರು ಬಂದರು. ಅವರಿಗೆ ಕಾಗದದ ಮಕ್ಕಳು ಎಂದೇ ಹೆಸರು ಬಿತ್ತು.

ಸರ್ಕಾರವೂ ಸುಮ್ಮನಿರಲಿಲ್ಲ. 1910ರಿಂದ 1940ರವರೆಗೆ ಏಂಜಲ್ ಐಲ್ಯಾಂಡ್ ದ್ವೀಪದಲ್ಲಿ ಬಂದವರನ್ನು ಹಿಡಿದಿಟ್ಟು ವಿಚಾರಣೆ ಮಾಡುತ್ತಿದ್ದರು. ನಿನ್ನ ಊರಿನ ಮನೆಯ ಬಾಗಿಲು ಯಾವ ದಿಕ್ಕಿಗೆ? ಬಾಗಿಲಿಗೆ ಎಷ್ಟು ಮೆಟ್ಟಿಲು? ಅಕ್ಕಿಯ ಡಬ್ಬ ಎಲ್ಲಿಡುತ್ತಾರೆ? ಅಪ್ಪ ಹೇಳಿದ ಉತ್ತರಕ್ಕೂ ಮಗ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ವಾಪಸು ಹಡಗು. ಆದ್ದರಿಂದ ಹುಡುಗರು ತಾವು ಕಂಡಿಲ್ಲದ ಮನೆಯ ಮೆಟ್ಟಿಲು ಕಿಟಕಿಗಳನ್ನು ಹಡಗಿನಲ್ಲಿ ಬಾಯಿಪಾಠ ಮಾಡಿ, ಆ ಕಾಗದವನ್ನು ಇಳಿಯುವ ಮುಂಚೆ ಸಮುದ್ರಕ್ಕೆ ಹಾಕುತ್ತಿದ್ದರು. ನಿಜವಾದ ಮಗನಿಗೂ ಈ ಪರೀಕ್ಷೆ ಸುಲಭವಲ್ಲ. ನಾವು ಮೇಜಿನ ಸುತ್ತ ಕೂತವರು ಆಟಕ್ಕೆಂದು ಒಬ್ಬರನ್ನೊಬ್ಬರು ಕೇಳಿನೋಡಿದೆವು. ಅಜ್ಜಿಯ ಮನೆಯ ಜಗಲಿಗೆ ಎಷ್ಟು ಮೆಟ್ಟಿಲು? ಅಣ್ಣ ತಂಗಿ ಇಬ್ಬರೂ ಇದ್ದ ಒಂದು ಮನೆಯಿಂದ ಎರಡು ಉತ್ತರ ಬಂತು. ಇಬ್ಬರಿಗೂ ತಾವೇ ಸರಿ ಎಂದು ಖಾತ್ರಿ. ಹಳೆಯ ಕಾಲವಾಗಿದ್ದರೆ ಒಬ್ಬರು ವಾಪಸು ಹೋಗಬೇಕಾಗುತ್ತಿತ್ತು.

ಆ ದ್ವೀಪದ ಬ್ಯಾರಕ್ಕಿನ ಮರದ ಗೋಡೆಗಳಲ್ಲಿ ಕಾದು ಕೂತವರು ಚೀನೀ ಭಾಷೆಯಲ್ಲಿ ಪದ್ಯಗಳನ್ನು ಕೆತ್ತಿದ್ದಾರೆ. ಕಟ್ಟಡ ಕೆಡವಬೇಕೆಂದಿದ್ದಾಗ, 1970ರಲ್ಲಿ, ಅಲೆಕ್ಸಾಂಡರ್ ವೈಸ್ ಎಂಬ ಪಾರ್ಕ್ ರೇಂಜರ್ ಟಾರ್ಚ್ ಹಿಡಿದು ನೋಡಿ ಇದೇನೋ ಬರಹ ಎಂದು ಜನರನ್ನು ಕರೆತಂದದ್ದರಿಂದ ಅವು ಉಳಿದವು. ನಮ್ಮ ಗೋಷ್ಠಿ ಅಲ್ಲಿಗೊಂದು ಪ್ರವಾಸ ಹಾಕಿಕೊಳ್ಳಬೇಕು ಎಂಬ ಸಲಹೆ ಬಂದಿದೆ. ಹಾಗೆಯೇ ಬಾಗಿಲ ಈಚೆಗೆ ನಿಂತು ಬೇರೆ ಭಾಷೆಯಲ್ಲಿ ಬರೆದವರ ಊರು ಇದು ಎಂದು ತಿಳಿದಾಗ, ತಿಂಗಳಿಗೊಮ್ಮೆ ಯಾರದೋ ಲಿವಿಂಗ್ ರೂಮಿನಲ್ಲಿ ಕನ್ನಡ ಓದುವ ನಮಗೆ ಸ್ವಲ್ಪ ಜೊತೆ ಸಿಕ್ಕಂತಾಯಿತು.

ನಾವು ಆಗಲೇ ಹೇಳಿದ ನಾಬ್ ಹಿಲ್ ಮೂಲೆಗೆ ಮತ್ತೊಮ್ಮೆ ಹೋಗಬೇಕಾಗಿದೆ. ಟೌನ್ ಮನೆಯ ಜಾಗದಲ್ಲಿ ಈಗ ಏನಿದೆ ಎಂದು ಹುಡುಕಿದ ಗೆಳೆಯರು ಫೋನಿನಲ್ಲಿ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ "ಮೆಸೋನಿಕ್" ಎಂದರು. 1958ರಲ್ಲಿ ತೆರೆದ ಮೆಸೋನಿಕ್ ಸಭಾಂಗಣ! ಅಲ್ಲಿ ಸಂಗೀತ ಕಚೇರಿಗಳಾಗುತ್ತವೆ. ನಮ್ಮ ಪೈಕಿ ಹಲವರಿಗೆ ಅದು ಬೇರೆ ಕಾರಣಕ್ಕೆ ಮರೆಯದ ಜಾಗ. ಎಷ್ಟೋ ವರ್ಷ ಬೇ ಏರಿಯಾದವರ ಪೌರತ್ವದ ಪ್ರಮಾಣವಚನ ಆಗುತ್ತಿದ್ದದ್ದು ಅಲ್ಲೇ. ಆಮೇಲೆ ಅದು ಓಕ್ಲಂಡಿನ ಪ್ಯಾರಾಮೌಂಟ್ ಥಿಯೇಟರಿಗೆ ಹೋಯಿತು. ಬೆಳಿಗ್ಗೆ ಗುಡ್ಡ ಹತ್ತಿ ಸಾಲಿನಲ್ಲಿ ನಿಂತು, ಗ್ರೀನ್ ಕಾರ್ಡನ್ನು ಬಾಗಿಲಲ್ಲಿ ಒಪ್ಪಿಸಿ, ಕೈಗೆ ಕೊಟ್ಟ ಪುಟ್ಟ ಬಾವುಟ ಹಿಡಿದು ಸಾವಿರಾರು ಜನರ ನಡುವೆ ಕೂತದ್ದು. ಯಾವ ಯಾವ ದೇಶದವರಿದ್ದಾರೆಂದು ಒಂದೊಂದಾಗಿ ಹೆಸರು ಕರೆದಾಗ, ಇಂಡಿಯಾ ಎಂದಾಗ, ಎದ್ದು ನಿಂತದ್ದು. ಹುಟ್ಟಿದ ದೇಶದ ನಿಷ್ಠೆಯನ್ನು ತೊರೆಯುತ್ತೇನೆ ಎಂಬ ಅರ್ಥದ ಮಾತನ್ನು ಬಲಗೈ ಎತ್ತಿ ಹೇಳಿದ್ದು. ಗುಂಪಿನಲ್ಲಿ ಹೇಳಿದ್ದರಿಂದ ಹೇಳಲಾಯಿತು, ಒಬ್ಬರೇ ಆಗಿದ್ದರೆ ನಾಲಿಗೆ ಏಳುತ್ತಿರಲಿಲ್ಲ ಎಂದು ನಮ್ಮಲ್ಲೊಬ್ಬರು ಹೇಳುತ್ತಾರೆ. ಇನ್ನೊಬ್ಬರು ಅದೆಲ್ಲ ನಾಟಕ, ಅವತ್ತು ತನಗೆ ಇದ್ದ ಚಿಂತೆ ಕಾರು ಎಲ್ಲಿ ನಿಲ್ಲಿಸಿದೆ ಎನ್ನುವುದೊಂದೇ ಎನ್ನುತ್ತಾರೆ. ಇಬ್ಬರೂ ನಿಜ ಹೇಳುತ್ತಿದ್ದಾರೆ ಎಂದು ನಮ್ಮ ನಂಬಿಕೆ. ಕೆಲವು ವಾರದ ಮೇಲೆ ಕಾನ್ಸುಲೇಟಿನಿಂದ ರದ್ದು ಮುದ್ರೆ ಬಿದ್ದ ಭಾರತದ ಪಾಸ್‌ಪೋರ್ಟ್ ವಾಪಸು ಬಂತು. ಅದನ್ನು ಯಾರೂ ಎಸೆದಿಲ್ಲ. ಕೇಳಿನೋಡಿ, ಎಲ್ಲರ ಮನೆಯಲ್ಲೂ ಒಂದು ಡ್ರಾಯರಿನಲ್ಲಿದೆ.

ಆ ಬಾಗಿಲು ಎದ್ದಿದ್ದ ಜಾಗದಲ್ಲಿ ನಾವು ಒಂದು ದೇಶದಿಂದ ಇನ್ನೊಂದಕ್ಕೆ ದಾಟಿದೆವು, ಬಾಗಿಲು ಮಾತ್ರ ಆಗಲೇ ಪಾರ್ಕಿಗೆ ಹೋಗಿತ್ತು.

ಗೋಷ್ಠಿಯಲ್ಲಿ ಇಷ್ಟು ಹೇಳಿ ಮುಗಿಸುವಾಗ, ಈವರೆಗೆ ಸುಮ್ಮನೆ ಕೂತಿದ್ದ ಸಾಗರದ ಕಡೆಯ ಗೆಳೆಯರೊಬ್ಬರು ಮಾತಾಡಿದರು. ಅವರ ಅಜ್ಜನ ಮನೆ ಇದ್ದ ಊರು ಶರಾವತಿಯ ಹಿನ್ನೀರಿನಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನೀರು ಏರಿತು. ಆ ಸೀಮೆಯ ಕಥೆಯನ್ನು ಮುಳುಗಡೆ, ದ್ವೀಪ ಕಾದಂಬರಿಗಳಲ್ಲಿ ನಾ. ಡಿ'ಸೋಜಾ ಬರೆದದ್ದನ್ನು ನಮ್ಮ ಓದುಗರು ಬಲ್ಲರು. ದ್ವೀಪವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಡಿ'ಸೋಜಾ ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿದವರು. ಮುಳುಗಿಸುವ ಕಚೇರಿಯಲ್ಲಿ ಕೂತು ಮುಳುಗುವವರ ಕಡೆ ನೋಡಿದವರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವು ಒಂದು ಸಂಜೆ ಅವರನ್ನು ಓದಿದ್ದೆವು. ಗೆಳೆಯರು ಅವತ್ತು ಹೇಳದ್ದನ್ನು ಈಗ ಹೇಳಿದರು. ನೀರು ಬರುವ ಮುಂಚೆ ಅಜ್ಜ ಹೆಂಚು ಇಳಿಸಿ, ತೊಲೆ ಜಂತಿ ಬಿಚ್ಚಿ ಗಾಡಿಗೆ ಹೇರಿದರಂತೆ. ಕೊನೆಗೆ ತಲೆಬಾಗಿಲು. ಹಲಸಿನ ಮರದ್ದು, ಮೇಲೆ ಗಜಲಕ್ಷ್ಮಿ. ಬಿಚ್ಚುವ ಮುಂಚೆ ಅಜ್ಜಿ ಹೊಸ್ತಿಲಿಗೆ ನೀರು ಹಾಕಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ರಂಗೋಲಿ ಎಳೆದರು. ಇನ್ನು ಬಿಚ್ಚಿ ಎಂದರು.

ಹೊಸ ಊರಿನಲ್ಲಿ ಕಟ್ಟಿದ ಮನೆ ಚಿಕ್ಕದು. ಬಾಗಿಲು ಅದಕ್ಕೆ ದೊಡ್ಡದಾಯಿತು. ಅಜ್ಜ ಗೋಡೆಯನ್ನೇ ಎತ್ತರಿಸಿ ಕೂರಿಸಿದರು. ಆ ಜಾಗದ ಹಕ್ಕುಪತ್ರಕ್ಕೆ ಅಜ್ಜ ಅಲೆದರು, ಅಪ್ಪ ಅಲೆದರು. ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಮಂದಿಗೆ ಆರು ದಶಕ ಕಳೆದರೂ ಅವರು ಕೂತಿರುವ ನೆಲದ ಕಾಗದ ಕೈಗೆ ಬಂದಿಲ್ಲ ಎಂಬುದು ಆಗಾಗ ಪತ್ರಿಕೆಯಲ್ಲಿ ಓದುವ ವಿಷಯ. ಇಲ್ಲಿ ಕಾಗದ ಸುಟ್ಟದ್ದರಿಂದ ಕೆಲವರು ಊರವರಾದರು, ಅಲ್ಲಿ ಕಾಗದ ಹುಟ್ಟದೆ ಊರವರು ಊರವರಾಗಲಿಲ್ಲ.

ಈಗ ಆ ಮನೆಯಲ್ಲಿ ಯಾರೂ ಇಲ್ಲ. ಬೆಂಗಳೂರಿನಿಂದ ಹಳೆಯ ಬಾಗಿಲು ಕೊಳ್ಳುವ ವ್ಯಾಪಾರಿಯೊಬ್ಬ ಎರಡು ಸಲ ಬಂದು ಹೋಗಿದ್ದಾನಂತೆ. ಇಂಥ ಬಾಗಿಲುಗಳಿಗೆ ಪರದೇಶದಲ್ಲಿ ಒಳ್ಳೆಯ ಬೆಲೆ, ಮೇಲೊಂದು ಗಾಜು ಹಾಕಿ ಕಾಫಿ ಟೇಬಲ್ ಮಾಡುತ್ತಾರೆ ಎಂದು ಅವನೇ ಹೇಳಿದನಂತೆ. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಅಂಥ ಟೇಬಲ್ ಇದೆ. ಅವರು ಆ ಹೊತ್ತು ಚಹಾ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಮಾರಬೇಡಿ ಎಂದು ಕೆಲವರು, ಗೆದ್ದಲು ತಿನ್ನುವುದಕ್ಕಿಂತ ಮಾರುವುದು ವಾಸಿ ಎಂದು ಕೆಲವರು. ಕನ್ನಂಬಾಡಿಯಲ್ಲಿ ಕೆ.ಆರ್.ಎಸ್. ನೀರಿನಡಿ ಹೋಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಖೋಡೆ ಪ್ರತಿಷ್ಠಾನದವರು ಕಲ್ಲು ಕಲ್ಲು ಬಿಚ್ಚಿ ದಡದಲ್ಲಿ ಮತ್ತೆ ಕಟ್ಟಿದ ಉದಾಹರಣೆ ಕೊಟ್ಟವರೂ ಇದ್ದರು. ದೇವರಿಗೆ ಸಿಗುವ ದಾನಿ ಅಜ್ಜನ ಬಾಗಿಲಿಗೆ ಸಿಗುವುದಿಲ್ಲ ಎಂದು ಗೆಳೆಯರೇ ನಕ್ಕರು. ಇಲ್ಲಿಗೇ ತರಿಸಿ, ಫ್ರೀಮಾಂಟಿನ ನಿಮ್ಮ ಮನೆಗೆ ಕೂರಿಸಿ ಎಂದರೆ, ಇಲ್ಲಿನ ಬಾಗಿಲಿನ ಅಳತೆಗೆ ಅದು ಚಿಕ್ಕದು, ಬಗ್ಗಿ ಬರಬೇಕು ಎಂದರು. ನಮ್ಮ ಕಡೆ ಬಾಗಿಲು ಮಾಡುವುದೇ ಬಗ್ಗಿ ಬರಲಿ ಎಂದಲ್ಲವೇ ಎಂದು ಯಾರೋ ಕೇಳಿದರು. ಇದು ತೀರ್ಮಾನವಾಗಲಿಲ್ಲ.

ಲಾಯ್ಡ್ ಲೇಕ್ ನೋಡಬೇಕೆನ್ನುವವರು ಬೆಳಿಗ್ಗೆ ಹೋಗಿ, ನೀರು ನಿಶ್ಚಲವಾಗಿದ್ದರೆ ಬಾಗಿಲು ತಲೆಕೆಳಗಾಗಿ ಅದರಲ್ಲಿ ಕಾಣುತ್ತದೆ. ದಡ ಸುತ್ತಿಕೊಂಡು ಹತ್ತಿರ ಹೋಗಬಹುದು. ಏಪ್ರಿಲ್ 18ರ ನಸುಕಿನಲ್ಲಿ 5 ಗಂಟೆ 12 ನಿಮಿಷಕ್ಕೆ ಮಾರ್ಕೆಟ್ ಸ್ಟ್ರೀಟಿನ ಲೋಟಾಸ್ ಫೌಂಟನ್ ಬಳಿ ಜನ ಸೇರುವ ವಾಡಿಕೆಯೂ ಇದೆ. ಭೂಕಂಪ ಕಂಡಿದ್ದವರು ಅಲ್ಲಿಗೆ ಬರುತ್ತಿದ್ದರು. ಅವರಲ್ಲಿ ಕೊನೆಯವರೆನ್ನುವ ವಿಲಿಯಂ ಡೆಲ್ ಮಾಂಟೆ 2016ರಲ್ಲಿ, 109ರ ವಯಸ್ಸಿನಲ್ಲಿ ತೀರಿಕೊಂಡರು. ಊರು ಹೊತ್ತಿದಾಗ ಅವರು ಮೂರು ತಿಂಗಳ ಕೂಸು.

ಮನೆ ಎಲ್ಲಿ ಎಂದು ಕೇಳಿದ ಅಮ್ಮ ಈಗ ವಾಪಸು ಮೈಸೂರಿನಲ್ಲಿದ್ದಾರೆ. ಮಗ ಫೋನು ಮಾಡಿ ಇಷ್ಟನ್ನೂ ಹೇಳಿದರಂತೆ, ನಾಬ್ ಹಿಲ್, ಗೆಂಥೆ, ಬೆಂಕಿ, ಕಾಗದದ ಮಕ್ಕಳು ಎಲ್ಲ. ಅಮ್ಮ ಪೂರ್ತಿ ಕೇಳಿ, "ಅಷ್ಟು ದೊಡ್ಡ ಬಾಗಿಲು, ಯಾರಾದರೂ ಒಂದು ದಿನ ಹೊಸ್ತಿಲಿಗೆ ನೀರಾದರೂ ಹಾಕ್ತಾರೇನೋ?" ಎಂದರಂತೆ.